ಅಗುಳು ಅಂಟಿಸಿದ ಲಕೋಟೆ

ನ್ಯೂಜೆರ್ಸಿಯಲ್ಲಿ ಕೂದಲು ಕತ್ತರಿಸುವವನಿಗೆ ಲೈಸೆನ್ಸ್ ಬೇಕು. ಉಗುರಿಗೆ ಬಣ್ಣ ಹಚ್ಚುವವಳಿಗೆ ಬೇಕು. ಕೊಳಾಯಿ ರಿಪೇರಿಯವನಿಗೂ ಬೇಕು. ಅಂಥ ರಾಜ್ಯದಲ್ಲಿ, ಮಾತು ಕಳೆದುಕೊಂಡವರಿಗೆ ಮಾತು ಮರಳಿಸುವ ಸ್ಪೀಚ್ ಥೆರಪಿಸ್ಟ್‌ಗೂ ಲೈಸೆನ್ಸ್ ಬೇಕೆಂದರೆ ನಳಿನಾಕ್ಷಿ ಯಾಕೆ ಬೇಡವೆಂದಾಳು? ಅವಳ ತಕರಾರು ಒಂದೇ ಇತ್ತು. ಕೇಳುವುದನ್ನೆಲ್ಲ ಒಂದೇ ಸಲಕ್ಕೆ ಕೇಳಿ ಮುಗಿಸಬಾರದೇ ಎಂದು.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷ, ಲಕ್ವ ಹೊಡೆದ ಹಿರಿಯರಿಗೂ ಉಗ್ಗುವ ಮಕ್ಕಳಿಗೂ ಚಿಕಿತ್ಸೆ ಕೊಟ್ಟಿದ್ದವಳು ಅವಳು. ಮದುವೆಯಾಗಿ ಗಂಡ ಜಗದೀಶನ ಜೊತೆ ಪ್ಲೇನ್ಸ್‌ಬರೋ ಅಪಾರ್ಟ್‌ಮೆಂಟಿಗೆ ಬಂದು ಆರು ವರ್ಷವಾಗಿತ್ತು. ಇದ್ದದ್ದು ಡಿಪೆಂಡೆಂಟ್ ವೀಸಾ. ಅದರಲ್ಲಿ ಅಡುಗೆ ಮಾಡಬಹುದು, ಮಗು ಹೆರಬಹುದು, ಸಂಬಳಕ್ಕೆ ಮಾತ್ರ ಕೈಯೊಡ್ಡುವಂತಿಲ್ಲ. ಇಸವಿ ಎರಡು ಸಾವಿರ ಕಾಲಿಟ್ಟ ಕ್ಷಣ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಅಮೆರಿಕಕ್ಕೆ ಅಮೆರಿಕವೇ ಹೆದರಿ ಕುಳಿತಿದ್ದ ಕಾಲವದು, ಜಗದೀಶನಂಥವರಿಗೆ ಸುಗ್ಗಿ. ಆ ಸುಗ್ಗಿಯಲ್ಲೇ ೧೯೯೯ರ ವಸಂತದಲ್ಲಿ ಅವರಿಗೆ ಗ್ರೀನ್ ಕಾರ್ಡ್ ಬಂತು. ಮಾರನೆಯ ದಿನವೇ ನಳಿನಾಕ್ಷಿ ಲೈಸೆನ್ಸಿನ ಅರ್ಜಿ ತರಿಸಿಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ. ಮೈಸೂರಿನಲ್ಲಿ ಓದಿದ ಎಂ.ಎಸ್ಸಿ. ಇಲ್ಲಿಯ ಮಾಸ್ಟರ್ಸ್‌ಗೆ ಸಮವೆಂದು ಒಂದು ಸಂಸ್ಥೆ ಬರೆದುಕೊಡಬೇಕು, ಕೊಟ್ಟಿತು. ಎರಡು ಪೇಪರು ಕಡಿಮೆ ಬಿದ್ದವು, ಅವನ್ನು ಬೇಸಿಗೆಯ ಸಂಜೆ ಕ್ಲಾಸಿನಲ್ಲಿ ಕೂತು ಓದಿ ತುಂಬಿಸಿದಳು. ರಾಷ್ಟ್ರಮಟ್ಟದ ಪರೀಕ್ಷೆ ಕಟ್ಟಿ ಮೊದಲ ಸಲಕ್ಕೇ ಪಾಸಾದಳು. ಇಷ್ಟಾದ ಮೇಲೆ ಸಿಗುವುದು ಟೆಂಪೊರರಿ ಲೈಸೆನ್ಸ್. ಅದನ್ನಿಟ್ಟುಕೊಂಡು ಒಂಬತ್ತು ತಿಂಗಳು ಹಿರಿಯ ಥೆರಪಿಸ್ಟ್ ಒಬ್ಬರ ಕಣ್ಣೆದುರಿಗೆ ಕೆಲಸ ಮಾಡಿ, ಅವರು ಸರಿಯೆಂದು ಸಹಿ ಹಾಕಿದರೆ ಪೂರ್ತಿ ಲೈಸೆನ್ಸ್. ಮದುವೆ ಮಾತುಕತೆಗೂ ಇಷ್ಟು ಹೆಜ್ಜೆ ಇರುವುದಿಲ್ಲ ಎಂದು ಜಗದೀಶ ನಗುತ್ತಿದ್ದ.

ಅಂಥ ಹಿರಿಯರೂ ಸಿಕ್ಕಿದ್ದರು. ಸಮರ್‌ಸೆಟ್‌ನ ಒಂದು ರಿಹ್ಯಾಬ್ ಸೆಂಟರಿನ ಮಿಸೆಸ್ ಕೊವಾಲ್ಸ್ಕಿ ಇವಳನ್ನು ಅರ್ಧ ಗಂಟೆ ಮಾತಾಡಿಸಿ, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆ ಕಳೆದ ಮಾರನೆಯ ದಿನ, ಮಂಗಳವಾರ, ಟೆಂಪೊರರಿ ಲೈಸೆನ್ಸ್ ಹಿಡಿದು ಬಂದರೆ ಕೆಲಸ ನಿನ್ನದು ಎಂದಿದ್ದರು. ಬರದಿದ್ದರೆ ಸಾಲಿನಲ್ಲಿ ಇನ್ನೊಬ್ಬಳಿದ್ದಾಳೆ ಎಂದೂ ಹೇಳಿದ್ದರು. ಇನ್ನು ಬಾಕಿಯಿದ್ದದ್ದು ಒಂದೇ ಕಾಗದ. ಓದುವಾಗ ಎಷ್ಟು ಗಂಟೆ ರೋಗಿಗಳ ಜೊತೆ ಕೆಲಸ ಮಾಡಿದ್ದಳೆಂಬ ಲೆಕ್ಕದ ಸಮೇತ ಅಂಕಪಟ್ಟಿ. ಅದು ವಿಶ್ವವಿದ್ಯಾಲಯದ ಲಕೋಟೆಯಲ್ಲಿರಬೇಕು, ಅಂಟಿಸಿದ ಜಾಗದ ಮೇಲೆ ಮೊಹರು ಬಿದ್ದಿರಬೇಕು. ಯಾರು ತಂದುಕೊಟ್ಟರೂ ಸರಿ, ನ್ಯೂವರ್ಕ್‌ನ ಲೈಸೆನ್ಸ್ ಆಫೀಸಿನವರೇ ಮೊದಲು ಅದನ್ನು ಒಡೆಯಬೇಕು.

ಕೆ.ಆರ್. ನಗರದಲ್ಲಿದ್ದ ಮೈದುನ ಸಾಗರನಿಗೆ ನಳಿನಾಕ್ಷಿ ಕಾಗದ ಬರೆದು ಅದನ್ನು ಮೈಸೂರಿನ ವಿಶ್ವವಿದ್ಯಾಲಯದಿಂದ ತೆಗೆಸಿಡಲು ಹೇಳಿದ್ದಳು. ಆಗಸ್ಟ್ ಮೊದಲ ವಾರ ಅತ್ತೆ ಕೃಷ್ಣಮ್ಮ ಮೊಟ್ಟಮೊದಲ ಸಲ ಅಮೆರಿಕಕ್ಕೆ ಬಂದಾಗ, ಹಪ್ಪಳ ಸಂಡಿಗೆ ಹುರಿಗಾಳಿನ ನಡುವೆ, ಹೊಸ ಸೀರೆಯೊಂದರ ಮಡಿಕೆಯಲ್ಲಿ ಆ ಲಕೋಟೆ ಭದ್ರವಾಗಿ ಬಂದಿತು.

ಕೃಷ್ಣಮ್ಮ ಉಗ್ಗುತ್ತಿದ್ದರು. ಚಿಕ್ಕಂದಿನಿಂದಲೂ. ನಾಲ್ಕನೇ ಕ್ಲಾಸಿನಲ್ಲಿ ಪಾಠವನ್ನು ಗಟ್ಟಿಯಾಗಿ ಓದಲಾರದೆ ಮೇಷ್ಟರ ಕೈಲಿ ಏಟು ತಿಂದು ಶಾಲೆ ಬಿಟ್ಟವರು. ಆಮೇಲೆ ಅವರು ಕಲಿತದ್ದು ಮಾತಾಡದೆ ಬದುಕುವುದನ್ನು. ಅಂಗಡಿಯಲ್ಲಿ ಬೆರಳು ತೋರಿಸುವರು, ನೆಂಟರ ನಡುವೆ ಮುಗುಳ್ನಗುವರು, ಫೋನ್ ಬಂದರೆ ಬಚ್ಚಲಿಗೆ ಹೋಗಿಬಿಡುವರು. ಮಗ ವಾರಕ್ಕೊಮ್ಮೆ ಫೋನ್ ಮಾಡಿದರೆ ಆ ಕಡೆಯಿಂದ ಕೇಳುತ್ತಿದ್ದದ್ದು "ಹ್ಞೂಂ" ಒಂದೇ. ಮನೆಯವರೆಲ್ಲ ಅವರ ಮಾತನ್ನು ಅವರಿಗಿಂತ ಮೊದಲೇ ಹೇಳಿ ಮುಗಿಸುವುದರಲ್ಲಿ ಪಳಗಿದ್ದರು. ಅದರಲ್ಲೂ ಜಗದೀಶ ಅಮ್ಮ ಬಾಯಿ ತೆರೆಯುವ ಮೊದಲೇ ಉತ್ತರ ಕೊಡುವಷ್ಟು ಜಾಣನಾಗಿದ್ದ, ಅದೇ ಪ್ರೀತಿಯೆಂದು ಅವನ ತಿಳಿವಳಿಕೆ.

ಮದುವೆಯಾದ ಹೊಸದರಲ್ಲಿ ನಳಿನಾಕ್ಷಿ ಅತ್ತೆಗೆ ತಾನೇ ಚಿಕಿತ್ಸೆ ಕೊಡುತ್ತೇನೆಂದು ಹೇಳಿದ್ದಳು. ಕೃಷ್ಣಮ್ಮ ಬೇಡವೆಂದು ತಲೆಯಾಡಿಸಿ ಎದ್ದು ಹೋಗಿದ್ದರು. ಕೆಲಸಕ್ಕೆ ಸೇರಬೇಕೆಂದಿದ್ದೇನೆ ಅತ್ತೆ ಎಂದು ಈ ವರ್ಷ ಫೋನಿನಲ್ಲಿ ಹೇಳಿದಾಗಲೂ ಬಂದದ್ದು ಬರೀ "ಹ್ಞೂಂ". ಎಷ್ಟೇ ಓದಿದ್ದರೂ ಸೊಸೆ ಸೊಸೆಯೇ. ಆ ಹ್ಞೂಂಕಾರದಲ್ಲಿ ಅವಳಿಗೆ ಕೇಳಿದ್ದು ಅಸಮಾಧಾನ.

ಆಗಸ್ಟ್ ಇಪ್ಪತ್ತು, ಶುಕ್ರವಾರ. ಜಗದೀಶ ರಜೆ ಹಾಕಿ ನಳಿನಾಕ್ಷಿಯನ್ನು ಕಾರಿನಲ್ಲಿ ನ್ಯೂವರ್ಕ್‌ಗೆ ಕರೆದುಕೊಂಡು ಹೋದ. ಐದು ವರ್ಷದ ಅರ್ಪಿತಾ ಪಕ್ಕದ ಮನೆಯಲ್ಲಿದ್ದಳು. ಹೊಸ ಊರು ನೋಡಿದ ಹಾಗಾಗುತ್ತದೆಂದು ಕೃಷ್ಣಮ್ಮನನ್ನೂ ಕರೆದುಕೊಂಡಿದ್ದರು. ಆಫೀಸಿನಲ್ಲಿ ಚೀಟಿ ತೆಗೆದುಕೊಂಡು ಬೆಂಚಿನ ಮೇಲೆ ಕೂತಾಗ ನಳಿನಾಕ್ಷಿಗೆ ಹಿಗ್ಗು ತಡೆಯಲಾಗಲಿಲ್ಲ. ಲಕೋಟೆಯನ್ನು ಅತ್ತೆಗೆ ತೋರಿಸಿ ಹೇಳಿದಳು:

"ನೋಡಿ ಅತ್ತೆ, ಇದನ್ನ ಯಾರೂ ಒಡೆದಿಲ್ಲ ಅನ್ನೋದೇ ಇದರ ಬೆಲೆ. ಒಡೆದಿದ್ರೆ ಬರೀ ರದ್ದಿ ಪೇಪರ್."

ಕೃಷ್ಣಮ್ಮನ ಮುಖ ಬಿಳಚಿಕೊಂಡಿತು. ಸೊಸೆಯ ಮುಂಗೈ ಹಿಡಿದುಕೊಂಡರು. ತುಟಿ ಬಿಗಿಯಿತು, ಗಂಟಲಿನ ನರ ಉಬ್ಬಿತು. "ನೀ... ನೀ... ನೀ..."

"ನೀರಾ ಅಮ್ಮ? ಇರು, ತರ್ತೀನಿ," ಎಂದು ಜಗದೀಶ ಎದ್ದೇಬಿಟ್ಟ.

ಕೃಷ್ಣಮ್ಮ ಅಲ್ಲವೆಂದು ಬಲವಾಗಿ ತಲೆಯಾಡಿಸಿದರು. ಅಷ್ಟರಲ್ಲಿ ಇವರ ನಂಬರು ಕೂಗಿದರು. ನಳಿನಾಕ್ಷಿ ಅತ್ತೆಯ ಕೈ ತಟ್ಟಿ, "ಐದೇ ನಿಮಿಷ ಅತ್ತೆ, ಬಂದ್ಬಿಟ್ಟೆ," ಎಂದು ಬಿಡಿಸಿಕೊಂಡು ಕಿಟಕಿಯ ಹತ್ತಿರ ನಡೆದಳು.

ಕಿಟಕಿಯ ಹಿಂದೆ ಕೂತಿದ್ದ ಹೆಂಗಸು ಅರ್ಜಿಯನ್ನು ಹಾಳೆ ಹಾಳೆಯಾಗಿ ನೋಡಿ, ಎಲ್ಲ ಚೆನ್ನಾಗಿದೆ ಎಂದು ಮೆಚ್ಚಿ, ಲಕೋಟೆಯನ್ನು ತಿರುಗಿಸಿ ಮೊಹರು ನೋಡಿ, ಚಾಕುವಿನಿಂದ ಅದರ ತಲೆ ಸೀಳಿದಳು. ಒಳಗಿನ ಕಾಗದ ಎಳೆದಾಗ ಮೇಜಿನ ಮೇಲೆ ಏಳೆಂಟು ಅಕ್ಷತೆ ಕಾಳು ಉದುರಿದವು. ಅಂಕಪಟ್ಟಿಯ ನಾಲ್ಕು ಮೂಲೆಗೂ ಅರಿಶಿನ. ನೆತ್ತಿಯ ಮೇಲೆ, ವಿಶ್ವವಿದ್ಯಾಲಯದ ಲಾಂಛನಕ್ಕೆ ಸರಿಯಾಗಿ, ದುಂಡನೆಯ ಕುಂಕುಮ.

"ಇದೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು ಆ ಹೆಂಗಸು.

ವಿಶ್ವವಿದ್ಯಾಲಯವೇ ಹಾಗೆ ಕಳಿಸುತ್ತದೆ ಎಂದು ಒಂದು ಸುಳ್ಳು ನಳಿನಾಕ್ಷಿಯ ನಾಲಿಗೆಯ ತುದಿಗೆ ಬಂದಿತ್ತು. ತಿರುಗಿ ನೋಡಿದರೆ ಬೆಂಚಿನ ಮೇಲೆ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. "ನಮ್ಮ ಮನೆಯಲ್ಲಿ ಒಡೆದಿದ್ದಾರೆ," ಎಂದಳು. "ದೇವರ ಮುಂದಿಟ್ಟು ಪೂಜೆ ಮಾಡೋದಕ್ಕೆ. ನನಗೆ ಗೊತ್ತಿರಲಿಲ್ಲ."

ಆ ಹೆಂಗಸು ಬೈಯಲಿಲ್ಲ. ಅಕ್ಷತೆಯನ್ನು ಅಂಗೈಗೆ ಗುಡಿಸಿಕೊಂಡು ಒಂದು ಕಾಗದದಲ್ಲಿ ಮಡಿಚಿ ಇವಳಿಗೇ ಕೊಟ್ಟಳು. ಆದರೆ ಅಂಕಪಟ್ಟಿ ನಡೆಯುವುದಿಲ್ಲ. ಹೊಸದನ್ನು ವಿಶ್ವವಿದ್ಯಾಲಯದವರೇ ನೇರವಾಗಿ ಈ ವಿಳಾಸಕ್ಕೆ ಕಳಿಸಬೇಕು, ಸೆಪ್ಟೆಂಬರ್ ಮೂರರೊಳಗೆ ತಲುಪಿದರೆ ಲೇಬರ್ ಡೇಗೆ ಮೊದಲು ಲೈಸೆನ್ಸ್ ಆಗುತ್ತದೆ, ಇಲ್ಲದಿದ್ದರೆ ಅಕ್ಟೋಬರಿಗೆ. ಅವರಿಗೆ ಕಳಿಸುವುದಕ್ಕೆ ಎಷ್ಟು ದಿನ ಬೇಕಾಗುತ್ತದೆ ಎಂದು ಆ ಹೆಂಗಸು ಕೇಳಿದಳು. ಸಾಮಾನ್ಯವಾಗಿ ಒಂದು ತಿಂಗಳು ಎಂದಳು ನಳಿನಾಕ್ಷಿ.

ಕಾರು ಮನೆ ಹತ್ತಿರ ಬಂದಾಗ ಜಗದೀಶ ಕೇಳಿದ, "ಹೇಗಮ್ಮ ಒಡೆದೆ? ಮೊಹರು ಒಂಚೂರೂ ಹಾಳಾಗಿರ್ಲಿಲ್ವಲ್ಲ."

ಕೃಷ್ಣಮ್ಮ ತುಂಬ ಹೊತ್ತು ತೆಗೆದುಕೊಂಡು, ಅರ್ಧ ಮಾತಿನಲ್ಲಿ ಅರ್ಧ ಕೈಸನ್ನೆಯಲ್ಲಿ ಹೇಳಿದರು. ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಬಿಡಿಸಿದ್ದು. ಮೇಲಿನ ಲಕೋಟೆಗೆ ಕುಂಕುಮ ಇಟ್ಟರೆ ಒಳಗಿನ ಕಾಗದಕ್ಕೆ ತಗಲುವುದೇ? ಕಾಗದಕ್ಕೇ ಇಟ್ಟು, ದೇವರ ಮುಂದೆ ಮೂರು ದಿನ ಇರಿಸಿ, ಬಿಸಿ ಅನ್ನದ ಅಗುಳು ಅರೆದು ಹಚ್ಚಿ, ಮೊಹರಿನ ಎರಡು ಅರ್ಧವೂ ಕೂದಲೆಳೆಯಷ್ಟು ಆಚೀಚೆಯಾಗದಂತೆ ಕೂಡಿಸಿ, ಮೇಲೆ ಒನಕೆ ಹೇರಿ ಒಣಗಿಸಿದ್ದು. ನ್ಯೂವರ್ಕ್‌ನವರ ಕಣ್ಣಿಗೇ ಬೀಳದ ಕೈಚಳಕ. ಬೇರೆ ದಿನವಾಗಿದ್ದರೆ ನಳಿನಾಕ್ಷಿ ಬಿದ್ದು ಬಿದ್ದು ನಗುತ್ತಿದ್ದಳು. ಅವತ್ತು ಅವಳಿಗೆ ತೋರಿದ್ದು ಬೇರೆ. ಅತ್ತೆಗೆ ತಾನು ಕೆಲಸಕ್ಕೆ ಹೋಗುವುದು ಇಷ್ಟವಿರಲಿಲ್ಲ, ದೇವರೂ ಅವರ ಪಕ್ಷವೇ ಸೇರಿದ.

ಮಾರನೆಯ ದಿನ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ, ಕಾಫಿಯ ಲೋಟ ಇನ್ನೂ ಮೇಜಿನ ಮೇಲಿರುವಾಗಲೇ, ಕೃಷ್ಣಮ್ಮ ಒಂದು ಚೀಟಿ ತಂದು ಸೊಸೆಯ ಮುಂದಿಟ್ಟರು. ಮೈಸೂರಿನ ಫೋನ್ ನಂಬರು. ಕೆಳಗೆ ಇನ್ನಾರದೋ ಅಕ್ಷರದಲ್ಲಿ ಶಿವಗಂಗಮ್ಮ, ಪರೀಕ್ಷಾ ವಿಭಾಗ, ಮನೆ ಎಂದಿತ್ತು.

"ಫೋ... ಫೋನ್ ಮಾಡ್ಕೊಡವ್ವ," ಎಂದರು.

"ಯಾರತ್ತೆ ಇವರು? ನಾನೇ ಮಾತಾಡ್ತೀನಿ ಕೊಡಿ."

"ತ... ತ... ತಪ್ಪು ನಂದು. ನಾ... ನಾನೇ."

ಜಗದೀಶ ಬೇಡವೆಂದು ಕಣ್ಣು ಮಾಡಿದ. ಅಮ್ಮ ಜೀವಮಾನದಲ್ಲಿ ಫೋನಿನಲ್ಲಿ ಒಂದು ವಾಕ್ಯ ಆಡಿದವರಲ್ಲ. ಉಗ್ಗುವವರಿಗೆ ಫೋನಿನಷ್ಟು ಭಯ ಹುಲಿಯೂ ಹುಟ್ಟಿಸುವುದಿಲ್ಲವೆಂದು ನಳಿನಾಕ್ಷಿಗೆ ಗೊತ್ತಿತ್ತು. ಆದರೂ ಐಸೆಲಿನ್‌ನ ಇಂಡಿಯನ್ ಅಂಗಡಿಯಿಂದ ತಂದಿದ್ದ ಐದು ಡಾಲರ್ ಕಾಲಿಂಗ್ ಕಾರ್ಡಿನ ನಂಬರುಗಳನ್ನೆಲ್ಲ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅತ್ತೆಯ ಮುಂದೆ ಸರಿಸಿದಳು. ಹನ್ನೊಂದು ನಿಮಿಷ ಬಾಕಿಯಿದೆಯೆಂದು ಕಾರ್ಡಿನ ಹೆಣ್ಣುದನಿ ಇಂಗ್ಲಿಷಿನಲ್ಲಿ ಸಾರಿತು. ಮೈಸೂರಿನಲ್ಲಿ ಆಗ ಸಂಜೆ ಏಳು.

"ಹಲೋ, ಯಾರು?" ಎಂದಿತು ಆ ಕಡೆಯ ಧ್ವನಿ.

"ಕೃ..." ಎಂದರು ಕೃಷ್ಣಮ್ಮ. ಅಲ್ಲೇ ನಿಂತರು. ಕಣ್ಣು ಮುಚ್ಚಿಕೊಂಡಿತು, ಗಲ್ಲ ನಡುಗಿತು. "ಕೃ... ಕೃ..."

"ಹಲೋ? ಹಲೋ?"

ಜಗದೀಶನ ಬಾಯಿ ತೆರೆಯಿತು. ನಳಿನಾಕ್ಷಿಯ ಕೈಯೂ ಫೋನಿನ ಕಡೆ ಹೊರಟಿತ್ತು. ಹನ್ನೊಂದು ನಿಮಿಷದಲ್ಲಿ ಒಂದು ಹೆಸರು ಹೇಳುವುದಕ್ಕೇ ಒಂದು ನಿಮಿಷ ಹೋಗುತ್ತಿದೆ, ಹೋಗುತ್ತಿರುವುದು ತನ್ನ ಕೆಲಸ, ತನ್ನ ಆರು ವರ್ಷ. ನಾನು ಅವರ ಸೊಸೆ ಮಾತಾಡುವುದು ಎಂದು ಶುರು ಮಾಡಿದರೆ ಎರಡು ನಿಮಿಷದಲ್ಲಿ ಎಲ್ಲ ಹೇಳಿಬಿಡಬಹುದು.

ಆಗ ಅವಳಿಗೆ ನೆನಪಾದದ್ದು ನಿನ್ನೆಯ ಬೆಂಚು. ನೀ, ನೀ ಎಂದು ಅತ್ತೆ ಹೇಳಹೊರಟದ್ದು ನೀನು ಅದನ್ನು ಕೊಡಬೇಡ ಎಂದಲ್ಲವೇ? ಗಂಡ ನೀರು ತರಲು ಓಡಿದ. ಸರಿ, ಅವನು ಪ್ರೋಗ್ರಾಮರ್. ತಾನು? ಉಗ್ಗುವವರ ಮಾತನ್ನು ಎಂದೂ ನೀವು ಮುಗಿಸಬೇಡಿ, ಕಾಯಿರಿ ಎಂದು ನೂರಾರು ತಾಯಂದಿರಿಗೆ ಪಾಠ ಹೇಳಿದವಳು, ಅತ್ತೆಯ ಕೈ ತಟ್ಟಿ ಎದ್ದು ಹೋಗಿದ್ದಳು. ನಿಜ ಹೇಳಬೇಕೆಂದರೆ ಮದುವೆಯಾದ ದಿನದಿಂದ ಆ ಹೆಂಗಸಿನ ಒಂದು ಮಾತನ್ನೂ ಅವಳು ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡಳು. ಮೇಜಿನ ಕೆಳಗೆ ಗಂಡನ ಕಾಲನ್ನು ತನ್ನ ಕಾಲಿನಿಂದ ಗಟ್ಟಿಯಾಗಿ ಮೆಟ್ಟಿ, ಅತ್ತೆಯ ಮುಖವನ್ನೇ ನೋಡುತ್ತ, ಅವಸರವೇ ಇಲ್ಲದವಳಂತೆ ಕೂತಳು.

"ಕೃ... ಕೃಷ್ಣಮ್ಮ. ಕೆ.ಆರ್. ನಗರ."

"ಅಯ್ಯೋ ಕೃಷ್ಣಮ್ಮನೋರಾ!" ಆ ಕಡೆಯ ಧ್ವನಿ ಅರಳಿತು. "ಅಮೇರಿಕಕ್ಕೆ ಹೋದ್ರಾ? ಸೊಸೆಗೆ ಕವರ್ ಕೊಟ್ರಾ? ನಾಕ್ ಸಲ ಬಸ್ ಹತ್ತಿ ಬಂದು ತಗೊಂಡೋದ್ರಲ್ಲ. ನಮ್ಮ ಸೆಕ್ಷನ್‌ನಲ್ಲಿ ಈಗ್ಲೂ ನಿಮ್ದೇ ಮಾತು. ಚೀಟೀಲಿ ಬರ್ಕೊಡಿ ಅಂದ್ರೆ ಒಪ್ಪದೆ, ಕೌಂಟರ್ ಮುಂದೆ ನಿಂತು, ನನ್ ಸೊಸೆ ಮಾತಿನ್ ಡಾಕ್ಟ್ರು ಅಂತ ಹೇಳೇ ತೀರಿದ್ರಿ."

ನಳಿನಾಕ್ಷಿ ಜಗದೀಶನನ್ನು ನೋಡಿದಳು. ಅವನಿಗೂ ಗೊತ್ತಿರಲಿಲ್ಲ. ಆ ಕಡೆಯ ಧ್ವನಿ ಹೇಳುತ್ತಲೇ ಇತ್ತು, ಸಾಗರನಿಗೆ ಬಿಡುವಾಗಲಿಲ್ಲವಂತೆ. ಅರ್ಜಿಗೊಮ್ಮೆ, ಚಲನ್ನಿಗೊಮ್ಮೆ, ಸಹಿಗೊಮ್ಮೆ, ಲಕೋಟೆಗೊಮ್ಮೆ ಮೈಸೂರಿಗೆ ಹೋದದ್ದು ಅಂಗಡಿಯಲ್ಲಿ ಬೆಲ್ಲ ಕೇಳಲೂ ಬೆರಳು ತೋರಿಸುವ ಕೃಷ್ಣಮ್ಮ. ಇಂಥವರಿಗೆ ಒಂದು ಕೌಂಟರಿನ ಮುಂದೆ ನಿಲ್ಲುವುದೆಂದರೆ ಏನೆಂದು ಆ ಕೋಣೆಯಲ್ಲಿ ನಳಿನಾಕ್ಷಿಯೊಬ್ಬಳಿಗೇ ಸರಿಯಾಗಿ ಗೊತ್ತಿತ್ತು.

ಕೃಷ್ಣಮ್ಮ ಹೇಳತೊಡಗಿದರು. ಇಡ್ಲಿ ಪಾತ್ರೆಯಿಂದ ಹಿಡಿದು ಅಕ್ಷತೆ ಉದುರಿದ ತನಕ. ಒಂದೊಂದು ಮಾತಿಗೂ ಎಡವಿದರು, ಎದ್ದರು, ಮತ್ತೆ ಎಡವಿದರು. ಶಿವಗಂಗಮ್ಮ ಅತ್ತ ನಗುತ್ತಿದ್ದುದು ಕೇಳುತ್ತಿತ್ತು, ಆದರೆ ಅವರೂ ನಡುವೆ ಬಾಯಿ ಹಾಕಲಿಲ್ಲ. ಕಾರ್ಡಿನ ಹೆಣ್ಣುದನಿ ಒಂದೇ ನಿಮಿಷ ಬಾಕಿ ಎಂದು ಎಚ್ಚರಿಸಿದಾಗ ಕೃಷ್ಣಮ್ಮ ಇನ್ನೂ ಮುಖ್ಯವಾದದ್ದನ್ನು ಹೇಳಬೇಕಾಗಿತ್ತು. ಜಗದೀಶ ಮೆಟ್ಟಿಸಿಕೊಂಡ ಕಾಲಿನಲ್ಲೇ ಚಡಪಡಿಸಿದ. ನಳಿನಾಕ್ಷಿ ಅಲುಗಲಿಲ್ಲ.

"ಇ... ಇ... ಇನ್ನೊಂದು ಕೊಡ್ಸಿ. ಸೀ... ಸೀದಾ ಆ ಆ... ಆಫೀಸಿಗೇ ಕಳ್ಸಿ. ನ... ನಮ್ಮನೆಗ್ ಬ್ಯಾಡ. ಮ... ಮತ್ತೆ ಒ... ಒಡ್ದ್‌ಬಿಟ್ಟೇನು."

"ಆಯ್ತು ಕೃಷ್ಣಮ್ಮನೋರೇ. ವಿಳಾಸ ಅರ್ಜೀಲೇ ಅದೆ. ಸೋಮವಾರ ಸಾಹೇಬ್ರ ಸಹಿ ಮಾಡ್ಸಿ ಸಂಜೆಗೇ ಸ್ಪೀಡ್ ಪೋಸ್ಟ್..."

ಫೋನ್ ಕಟ್ಟಾಯಿತು. ಕೃಷ್ಣಮ್ಮನ ಕುಪ್ಪಸ ಬೆನ್ನಿಗೆ ಅಂಟಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಯ ಕಡೆ ತಿರುಗಿದರು.

"ನ... ನನ್ ಮಾತ ಕೊನೇಗಂಟ ಕೇ... ಕೇಳಿದ್ದು ಮನೇಲಿ ಇದೇ ಮೊದ್ಲು ಕಣವ್ವ," ಎಂದರು.

ನಳಿನಾಕ್ಷಿ ಅವರ ಎರಡೂ ಕೈ ಹಿಡಿದುಕೊಂಡು ತಪ್ಪಾಯಿತು ಎಂದಳು. ಎಷ್ಟು ವರ್ಷದ ತಪ್ಪೆಂದು ಹೇಳಲು ಹೋಗಲಿಲ್ಲ. ಕೃಷ್ಣಮ್ಮ ಅವಳ ತಲೆ ಸವರಿ, ಆರಿದ ಕಾಫಿಯನ್ನು ಮತ್ತೆ ಬಿಸಿ ಮಾಡಲು ಎದ್ದರು.

ಆಮೇಲಿನ ಹನ್ನೆರಡು ದಿನ ಆ ಮನೆಯಲ್ಲಿ ಒಂದು ಕಡೆ ಕಳವಳ, ಇನ್ನೊಂದು ಕಡೆ ಹಬ್ಬ. ಸ್ಪೀಡ್ ಪೋಸ್ಟ್ ಯಾವ ಸಮುದ್ರದ ಮೇಲಿದೆಯೋ ಗೊತ್ತಿಲ್ಲ. ಆದರೆ ಕೃಷ್ಣಮ್ಮ ಮಾತಾಡುತ್ತಿದ್ದರು. ತರಕಾರಿ ಹೆಚ್ಚುತ್ತ, ಬಟ್ಟೆ ಮಡಿಸುತ್ತ ಹೇಳಿದ್ದೇ ಹೇಳಿದ್ದು. ಅವರಲ್ಲಿ ಅರವತ್ತು ವರ್ಷದಿಂದ ಕೂಡಿಟ್ಟ ಮಾತಿತ್ತು. ಗಂಡನ ಜಿಪುಣತನ, ಸೋದರತ್ತೆಯ ಕಳ್ಳ ಮೊಸರು, ನಾಲ್ಕನೇ ಕ್ಲಾಸಿನ ಮೇಷ್ಟರ ವಿಗ್ಗು. ಉಗ್ಗು ಎಲ್ಲಿಗೂ ಹೋಗಿರಲಿಲ್ಲ, ಅದಕ್ಕೆ ಹೆದರುವುದನ್ನು ಅವರು ಬಿಟ್ಟಿದ್ದರು. "ಅಜ್ಜಿ ಈಸ್ ಸೋ ಫನ್ನಿ," ಎಂದು ಅರ್ಪಿತಾ ಅಜ್ಜಿಯ ಸೊಂಟ ಬಿಡುತ್ತಿರಲಿಲ್ಲ. ನಡುವೆ ಬಾಯಿ ಹಾಕುವ ಚಟ ಬಿಡಲು ಜಗದೀಶ ಪಟ್ಟ ಪಾಡು ಮಾತ್ರ ಹೇಳತೀರದು.

ಸೆಪ್ಟೆಂಬರ್ ಎರಡು, ಗುರುವಾರ. ನಳಿನಾಕ್ಷಿ ಅರ್ಪಿತಾಳಿಗೆ ಶಾಲೆಯ ಬೂಟು ಕೊಡಿಸಲು ಹೋಗಿದ್ದಳು. ಸಂಜೆ ಬಾಗಿಲು ತೆರೆದಾಗ ಜಗದೀಶ ಆಗಲೇ ಬಂದು ಟೈ ಸಡಿಲಿಸುತ್ತಿದ್ದ. ಕೃಷ್ಣಮ್ಮ ಸೋಫಾದಲ್ಲಿ ಕಾಫಿ ಲೋಟ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಫೋ... ಫೋನ್ ಬಂದಿತ್ತು," ಎಂದರು.

"ನೀನ್ ತಗೊಂಡ್ಯಾ?" ಎಂದು ಜಗದೀಶ ಕೂತ ಕಡೆಯಿಂದ ಎದ್ದ.

"ಹ್ಞೂಂ. ಆ ಕಿ... ಕಿಟಕಿ ಹೆಂಗ್ಸು."

ನ್ಯೂವರ್ಕ್. ನಳಿನಾಕ್ಷಿಯ ಕೈಯಿಂದ ಬೂಟಿನ ಡಬ್ಬ ಜಾರಿ ಕಾರ್ಪೆಟ್ಟಿನ ಮೇಲೆ ಬಿತ್ತು. ಅತ್ತೆಗೆ ಆ ಇಂಗ್ಲಿಷು ಅರ್ಥವಾಗಿದೆಯೇ? ಆಗದೆ ಏನು. ಲೈಸೆನ್ಸ್, ರೆಡಿ, ನಾಟ್ ರೆಡಿ, ಟುಮಾರೋ, ಇವೆಲ್ಲ ಕೆ.ಆರ್. ನಗರದ ಯಾವ ಆಫೀಸಿನ ಬಾಗಿಲಲ್ಲಿ ನಿಂತರೂ ಕಿವಿಗೆ ಬೀಳುವ ಮಾತುಗಳೇ.

"ಏನಂದ್ಲು, ಬಂತಂತಾ? ಬರ್ಲಿಲ್ವ..." ಜಗದೀಶ ಶುರುಮಾಡಿದ. ನಳಿನಾಕ್ಷಿ ಕೈಯೆತ್ತಿದಳು. ಅವನು ಬಾಯಿ ಮುಚ್ಚಿ ಕೂತ.

"ಲ... ಲ... ಲೈಸೆನ್ಸು," ಎಂದರು ಕೃಷ್ಣಮ್ಮ. ಅಲ್ಲಿಗೆ ಮಾತು ನಿಂತಿತು.

ಕೃಷ್ಣಮ್ಮನ ತುಟಿ ಬಿಗಿದಿತ್ತು, ಕಣ್ಣು ಎದುರಿನ ಗೋಡೆಯ ಮೇಲೆ. ಆಯಿತೋ ಇಲ್ಲವೋ ಎಂಬ ಒಂದೇ ಮಾತು ಆ ಬಾಯೊಳಗಿದೆ. ನಳಿನಾಕ್ಷಿ ಅತ್ತೆಯ ಪಕ್ಕ ಬಂದು ಮೆಲ್ಲಗೆ ಕೂತು, ಮುಖ ನೋಡುತ್ತ ಕಾದಳು.

"ಅಮ್ಮಾ, ಈಸ್ ಇಟ್ ಯೆಸ್ ಆರ್ ನೋ?" ಎಂದಳು ಅರ್ಪಿತಾ.

"ಅಜ್ಜಿ ಹೇಳ್ತಾರೆ. ಸುಮ್ನಿರು."

ಕೃಷ್ಣಮ್ಮ ಕಾಫಿಯ ಲೋಟ ಎತ್ತಿದರು. ಊದಿದರು. ಒಂದು ಗುಟುಕು ಕುಡಿದರು. ಯೋಚಿಸಿದವರಂತೆ ಇನ್ನೊಂದು ಗುಟುಕು ಕುಡಿದರು. ಜಗದೀಶ ಸೋಫಾದ ದಿಂಬನ್ನು ಕಚ್ಚಿ ಹಿಡಿಯುವುದೊಂದು ಬಾಕಿ. ಆಗ ನಳಿನಾಕ್ಷಿಗೆ ಅತ್ತೆಯ ತುಟಿಯ ತುದಿ ಸಣ್ಣಗೆ ಅದುರುವುದು ಕಾಣಿಸಿತು. ಉಗ್ಗಿನ ಅದುರು ಹೇಗಿರುತ್ತದೆಂದು ಅವಳಿಗೆ ಗೊತ್ತು, ಇದು ಆ ಜಾತಿಯದಲ್ಲ.

"ಅತ್ತೆ!" ಎಂದಳು.

"ಉಗ್ಗಿದ್ದಲ್ಲ ಕಣವ್ವ, ಬೇಕಂತ್ಲೇ ನಿಲ್ಸ್ದೆ," ಎಂದರು ಕೃಷ್ಣಮ್ಮ, ಎಲ್ಲೂ ತಡೆಯದೆ. "ಎಷ್ಟೊತ್ತು ಕಾಯ್ತೀರೋ ನೋಡವಾಂತ. ಲೈಸೆನ್ಸು ರೆಡಿಯಾಯ್ತಂತೆ. ನಾಳೆ ಬಂದು ತಗೊಂಡೋಗ್ಬೇಕಂತೆ."